ಗದ್ದವನ್ನು ಮೊದಲು ನೋಡಿದವರು

ನನ್ನ ಮಗಳು ಹುಟ್ಟಿದ್ದು 2022ರ ಆಗಸ್ಟ್ ತಿಂಗಳಿನಲ್ಲಿ, ಕರಾವಳಿಯ ಒಂದು ಊರಿನ ಆಸ್ಪತ್ರೆಯಲ್ಲಿ, ಮಳೆ ಹನಿ ಕಡಿಯದೆ ಹೊಯ್ಯುತ್ತಿದ್ದ ಒಂದು ರಾತ್ರಿ. ಗಂಡನ ಮನೆ ಶಿರಸಿಯ ಹತ್ತಿರ. ಚೊಚ್ಚಲ ಹೆರಿಗೆಯೆಂದು ಏಳನೆಯ ತಿಂಗಳಲ್ಲಿಯೇ ದೇವಿಮನೆ ಘಟ್ಟ ಇಳಿದು ತವರಿಗೆ, ಅಘನಾಶಿನಿಯ ದಂಡೆಯ ಹಳ್ಳಿಗೆ ಬಂದಿದ್ದೆ. ಕೂಸು ಹುಟ್ಟಿದ ಕೂಡಲೇ ಅತ್ತಿತು, ತೂಕ 2.7 ಕೆ.ಜಿ. ಬಂತು. ಮಕ್ಕಳ ಡಾಕ್ಟರು ಬಾಯೊಳಗೆ ಕಿರುಬೆರಳು ಆಡಿಸಿ ಟಾರ್ಚ್ ಹಿಡಿದು ನೋಡಿ, ತುಟಿ ಸರಿಯಾಗಿದೆ, ಆದರೆ ಅಂಗುಳಿನಲ್ಲಿ ಸೀಳು ಇದೆ, ಹೆದರಬೇಡಿ, ವರ್ಷ ತುಂಬುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿ ಹೊಲಿಯುತ್ತಾರೆ ಎಂದರು. ಅವರು ಹೇಳಿದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ವರ್ಷದ ನಂತರದ ಆ ಹೊಲಿಗೆಯ ಮೇಲೆಯೇ ಎಲ್ಲರ ಗಮನವೂ ನೆಟ್ಟು, ಆ ಕ್ಷಣದಲ್ಲಿ ಕೂಸು ಉಸಿರಾಡಲು ಪಡುತ್ತಿದ್ದ ಪಾಡು ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಇದು ಕಂಡಿರಲಿಲ್ಲ. ತುಟಿ ಸೀಳಿದ್ದರೆ ಹೊರಗೆ ಕಾಣುವ ಭಾಗವಾದ್ದರಿಂದ ಸ್ಕ್ಯಾನಿನಲ್ಲಿ ಹಲವು ಬಾರಿ ಗೊತ್ತಾಗುತ್ತದೆ; ಅಂಗುಳು ಮಾತ್ರ ಸೀಳಿದ್ದರೆ ಮೂಳೆಗಳ ನೆರಳಿನ ಹಿಂದೆ ಅಡಗಿ ತಪ್ಪಿಹೋಗುವುದೇ ಹೆಚ್ಚು ಎಂದು ಮುಂದೆ ತಿಳಿಯಿತು. ಆಗ ನಮಗೆ ಅದೂ ಗೊತ್ತಿಲ್ಲ. ನೋಡಲು ಬಂದ ನೆಂಟರು ಗ್ರಹಣದ ಮಾತು ತೆಗೆದರು. ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆ ಮುಟ್ಟಿದರೆ ಮಗುವಿನ ಬಾಯಿ ಸೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ನಾನು ಬಸುರಿಯಾಗಿದ್ದ ಅಷ್ಟೂ ತಿಂಗಳು ನಮ್ಮೂರಿನ ಆಕಾಶದಲ್ಲಿ ಕಾಣುವ ಗ್ರಹಣವೇ ಆಗಿರಲಿಲ್ಲ. ಆದರೂ ಆ ಎರಡು ದಿನ ನಾನು ಕೂಸಿನ ಎದೆ ನೋಡುವುದನ್ನು ಬಿಟ್ಟು, ಯಾವ ದಿನ ಏನು ಹೆಚ್ಚಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಮಲಗಿದ್ದೆ. ಬಾಣಂತಿಯ ಮನಸ್ಸನ್ನು ಅಂಥ ಲೆಕ್ಕಕ್ಕೆ ತಳ್ಳುವವರ ಮೇಲೆ ನನಗೆ ಇಂದಿಗೂ ಬೇಸರವಿದೆ.

ಕೂಸಿನ ಉಸಿರಿನಲ್ಲಿ ಗೊರಗೊರ ಸದ್ದು ಇತ್ತು. ಕೇಳಿದ್ದಕ್ಕೆ, ಅಂಗುಳು ಸೀಳಿದ ಮಕ್ಕಳಿಗೆ ಹಾಲು ಮೂಗಿಗೆ ಏರುತ್ತದೆ, ಸ್ವಲ್ಪ ಸದ್ದು ಇದ್ದೇ ಇರುತ್ತದೆ ಎಂಬ ಉತ್ತರ ಬಂತು. ಅಳುವಾಗ ಆ ಸದ್ದು ನಿಂತು ಕೂಸು ಕೆಂಪಗಾಗುತ್ತಿತ್ತು. ನಿದ್ದೆ ಹತ್ತಿದೊಡನೆ ಸದ್ದು ಮರಳಿ ಬರುತ್ತಿತ್ತು. ಅಳು ಎಂದರೆ ಸಂಕಟ, ನಿದ್ದೆ ಎಂದರೆ ನೆಮ್ಮದಿ ಎಂದು ತಿಳಿದಿದ್ದ ನಾವು ಅದನ್ನು ಅಂಗಾತ ಮಲಗಿಸಿ, ತಟ್ಟಿ, ನಿದ್ದೆ ಬರಿಸಿ, ಹಗುರಾಗುತ್ತಿದ್ದೆವು. ನನ್ನ ಮಗಳಂಥ ಮಕ್ಕಳಲ್ಲಿ ಅದು ತಿರುವುಮುರುವು. ಅಳುವಾಗ ಬಾಯಿ ತೆರೆದು ನಾಲಿಗೆ ಮುಂದೆ ಬರುವುದರಿಂದ ದಾರಿ ಬಿಚ್ಚಿಕೊಳ್ಳುತ್ತದೆ, ನಿದ್ದೆಯಲ್ಲಿ ನಾಲಿಗೆ ಸಡಿಲವಾಗಿ ಗಂಟಲಿನ ಮೇಲೆ ಕುಸಿಯುತ್ತದೆ. ಕೆಲವೊಮ್ಮೆ ಆ ಸದ್ದು ಪೂರ್ತಿ ನಿಂತು ಹೋಗುತ್ತಿತ್ತು. ಈಗ ಸುಮ್ಮನಾಯಿತು ನೋಡು ಎಂದು ನಾವು ಪಿಸುಗುಟ್ಟುತ್ತಿದ್ದ ಆ ಗಳಿಗೆಗಳಲ್ಲಿ ಎದೆ ಏರಿಳಿಯುತ್ತಿದ್ದರೂ ಒಳಗೆ ಗಾಳಿಯೇ ಹೋಗುತ್ತಿರಲಿಲ್ಲ ಎಂಬುದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಎರಡನೆಯ ರಾತ್ರಿಯ ಪಾಳಿಗೆ ಬಂದ ಸಿಸ್ಟರ್ ವಯಸ್ಸಾದವರು, ಕಾರವಾರ ಕಡೆಯವರು. ನನ್ನ ಮಾತ್ರೆ ಕೊಡಲು ಬಂದವರು ತೊಟ್ಟಿಲ ಹತ್ತಿರ ಒಂದು ಕ್ಷಣ ನಿಂತರು. ಸುತ್ತಿದ್ದ ಬಟ್ಟೆ ಬಿಚ್ಚಿ ಎದೆ ಕಾಣುವಂತೆ ಮಾಡಿದರು. ಕೂಸು ಉಸಿರು ಎಳೆದಾಗಲೆಲ್ಲ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು, ಪಕ್ಕೆಲುಬಿನ ಕೆಳಗೆ ಗೆರೆ ಬೀಳುತ್ತಿತ್ತು, ಹೊಟ್ಟೆ ಒಂದು ಕಡೆ ಎದೆ ಇನ್ನೊಂದು ಕಡೆ ಎಂಬಂತೆ ಏರಿಳಿಯುತ್ತಿದ್ದವು. ಅವರು ಕೂಸಿನ ತಲೆಯನ್ನು ಮೆಲ್ಲನೆ ಒಂದು ಪಕ್ಕಕ್ಕೆ ತಿರುಗಿಸಿ, "ಇದರ ಗದ್ದ ನೋಡಿದ್ರಾ ಯಾರಾದ್ರೂ?" ಎಂದು ಕೇಳಿದರು. ಎದುರಿನಿಂದ ಮುದ್ದಾಗಿ ಕಾಣುತ್ತಿದ್ದ ಮುಖ ಪಕ್ಕದಿಂದ ನೋಡಿದಾಗ ಬೇರೆಯೇ ಆಗಿತ್ತು: ಮೇಲುತುಟಿಯಿಂದ ಗೆರೆ ಎಳೆದರೆ ಗದ್ದ ಆ ಗೆರೆಗಿಂತ ಎಷ್ಟೋ ಹಿಂದೆ, ಕುತ್ತಿಗೆಗೆ ಅಂಟಿಕೊಂಡಂತೆ ಇತ್ತು. ಅವರು ಮತ್ತೇನೂ ಹೇಳದೆ ಕೂಸನ್ನು ಎತ್ತಿ ತಮ್ಮ ಮುಂದೋಳಿನ ಮೇಲೆ ಕವುಚಿ ಮಲಗಿಸಿಕೊಂಡರು. ನಾಲ್ಕೈದು ಉಸಿರಿನಲ್ಲಿ ಗೊರಗೊರ ಸದ್ದು ಇಳಿಯಿತು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಕಟ್ಟುವ ಆಕ್ಸಿಮೀಟರನ್ನು ಪಾದಕ್ಕೆ ಸುತ್ತಿ ನೋಡಿದರು. ಅಂಗಾತ ಹಿಡಿದಾಗ 84ಕ್ಕೆ ಇಳಿಯುತ್ತಿದ್ದ ಅಂಕಿ ಕವುಚಿ ಹಿಡಿದಾಗ 95 ದಾಟುತ್ತಿತ್ತು. ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಕರೆಸಿದವರೂ ಅವರೇ.

ಈ ಸ್ಥಿತಿಗೆ ಪಿಯರ್ ರಾಬಿನ್ ಸೀಕ್ವೆನ್ಸ್ ಎಂದು ಹೆಸರು. ಫ್ರಾನ್ಸಿನ ಪಿಯರ್ ರಾಬಿನ್ ಎಂಬ ದಂತ ಮತ್ತು ಬಾಯಿರೋಗದ ವೈದ್ಯರು 1923ರಲ್ಲಿ ಇದರ ಬಗ್ಗೆ ಬರೆದರು. ಸೀಕ್ವೆನ್ಸ್ ಎಂದರೆ ಒಂದರಿಂದ ಒಂದು ಹುಟ್ಟುವ ಸರಣಿ. ಗರ್ಭದ ಮೊದಲ ಕೆಲವು ವಾರಗಳಲ್ಲಿ ಕೆಳದವಡೆ ಸಾಕಷ್ಟು ಬೆಳೆಯದೆ ಉಳಿದರೆ ನಾಲಿಗೆಗೆ ಮುಂದೆ ಜಾಗ ಸಿಗದೆ ಅದು ಮೇಲೆ, ಹಿಂದೆ ಸರಿದು ನಿಲ್ಲುತ್ತದೆ. ಎರಡೂ ಬದಿಯಿಂದ ಬಂದು ಕೂಡಿಕೊಳ್ಳಬೇಕಾದ ಅಂಗುಳಿನ ಹಾಳೆಗಳ ನಡುವೆ ನಾಲಿಗೆ ಅಡ್ಡ ನಿಂತರೆ ಅವು ಕೂಡುವುದಿಲ್ಲ, ಆದ್ದರಿಂದ ಲಾಳದಂತೆ ಅಗಲವಾದ ಸೀಳು ಉಳಿಯುತ್ತದೆ. ಹುಟ್ಟಿದ ಮೇಲೆ ಅದೇ ನಾಲಿಗೆ ಗಂಟಲ ದಾರಿಯನ್ನು ಮುಚ್ಚುತ್ತದೆ. ತುಟಿ ಅಥವಾ ಅಂಗುಳಿನ ಸೀಳು ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಕಾಣಿಸುತ್ತದೆ, ಈ ಸರಣಿ ಅದಕ್ಕಿಂತ ಬಹಳ ಅಪರೂಪ. ಹೀಗಾಗಿ ಸೀಳು ಇರುವ ಹೆಚ್ಚಿನ ಮಕ್ಕಳಿಗೆ ಉಸಿರಿನ ಇಂಥ ತೊಂದರೆ ಬರುವುದಿಲ್ಲ. ಆದರೆ ಅಂಗುಳಿನಲ್ಲಿ ಸೀಳು ಕಂಡ ಮೇಲೆ ಗದ್ದವನ್ನು ಪಕ್ಕದಿಂದ ನೋಡಲು ಬೇಕಾಗುವುದು ಅರ್ಧ ನಿಮಿಷ ಮಾತ್ರ.

ಬೆಳಗಿನ ಜಾವ ಮಣಿಪಾಲಕ್ಕೆ ಕರೆದೊಯ್ಯಲು ಬರೆದುಕೊಟ್ಟರು. ನಮ್ಮ ಜಿಲ್ಲೆಯವರಿಗೆ ಆ ದಾರಿ ಹೊಸದಲ್ಲ. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಅದರ ಹಿಂದಿನ ತಿಂಗಳಷ್ಟೇ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಉಡುಪಿಯ ಕಡೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ಸಾವುನೋವಾಗಿತ್ತು, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎಲ್ಲ ಊರುಗಳಲ್ಲೂ ಎದ್ದಿತ್ತು. ಅದೇ ಟೋಲ್ ಗೇಟನ್ನು ನಾವು ಮಳೆಯಲ್ಲಿ ದಾಟಿದೆವು. ಆಂಬುಲೆನ್ಸಿನಲ್ಲಿ ಆಮ್ಲಜನಕ ಇತ್ತು, ಆದರೆ ಹೊರಡುವ ಮುನ್ನ ಆ ಸಿಸ್ಟರ್ ಜೊತೆಗೆ ಬರುವ ನರ್ಸಿಗೆ ಒತ್ತಿ ಹೇಳಿದ್ದರು: ಅಂಕಿ ಇಳಿದರೆ ಆಮ್ಲಜನಕ ಏರಿಸಿ ಸುಮ್ಮನೆ ಕೂರಬೇಡಿ, ಮೊದಲು ಕೂಸಿನ ಭಂಗಿ ನೋಡಿ. ದಾರಿಯೇ ಮುಚ್ಚಿರುವಾಗ ಆಮ್ಲಜನಕ ಕೊಟ್ಟರೆ ಅಂಕಿ ಚೆನ್ನಾಗಿ ಕಾಣಬಹುದು, ಆದರೆ ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಒಳಗೇ ಸೇರುತ್ತ ಹೋಗುತ್ತದೆ. ಸುಮಾರು ಮೂರು ಗಂಟೆಯ ದಾರಿಯುದ್ದಕ್ಕೂ ಆ ಹುಡುಗಿ ಕೂಸನ್ನು ಕವುಚಿಯೇ ಹಿಡಿದುಕೊಂಡಿದ್ದಳು. ಹೊಲಿಗೆಯ ನೋವಿನಲ್ಲಿ ಕೂರಲಾಗದೆ ಕೂತಿದ್ದ ನನ್ನ ಕೈ ಹಿಡಿದು ಆಯಿ, ಅಂದರೆ ನನ್ನ ಅಮ್ಮ, ಹೇಳುತ್ತಿದ್ದದ್ದು ಒಂದೇ ಮಾತು, "ಹೆದ್ರಡ ತಂಗೀ."

ಮಣಿಪಾಲದಲ್ಲಿ ಕೂಸು 23 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇತ್ತು. ಕಿವಿ-ಮೂಗು-ಗಂಟಲಿನ ವೈದ್ಯರು ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ನೋಡಿ, ತಡೆ ಇರುವುದು ನಾಲಿಗೆಯ ಬುಡದಲ್ಲಿ ಮಾತ್ರ, ಅದರ ಕೆಳಗೆ ಧ್ವನಿಪೆಟ್ಟಿಗೆಯಲ್ಲಿ ತೊಂದರೆ ಇಲ್ಲ ಎಂದು ಖಚಿತ ಮಾಡಿಕೊಂಡರು. ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಇಂಗಾಲದ ಡೈಆಕ್ಸೈಡಿನ ಮಟ್ಟ ನೋಡುತ್ತಿದ್ದರು. ಮೊದಲ ನಾಲ್ಕು ದಿನ ಕವುಚಿ ಮಲಗಿಸುವುದರಲ್ಲಿಯೇ ಸಾಗಿತು. ಗಾಢ ನಿದ್ದೆಯಲ್ಲಿ ಅದೂ ಸಾಲದು ಎಂದಾದಾಗ ಮೂಗಿನ ನಳಿಗೆ ಹಾಕಿದರು. ಉಸಿರಾಟದ ಯಂತ್ರಕ್ಕೆ ಬಳಸುವ ಮೆದುವಾದ ಟ್ಯೂಬನ್ನೇ ಕೂಸಿನ ಅಳತೆಗೆ ಕತ್ತರಿಸಿ ಒಂದು ಹೊಳ್ಳೆಯಿಂದ ಇಳಿಸಿ, ಅದರ ತುದಿ ನಾಲಿಗೆಯ ಹಿಂದೆ ಬಂದು ನಿಲ್ಲುವಂತೆ ಮಾಡಿ, ಹೊರಗಿನ ತುದಿಯನ್ನು ಕೆನ್ನೆಗೆ ಪ್ಲಾಸ್ಟರ್ ಹಚ್ಚಿ ಕೂರಿಸುತ್ತಾರೆ. ನಾಲಿಗೆ ಎಷ್ಟು ಹಿಂದೆ ಬಿದ್ದರೂ ಆ ನಳಿಗೆಯ ಮೂಲಕ ಗಾಳಿ ಹೋಗುತ್ತಿರುತ್ತದೆ. ತುದಿ ಅರ್ಧ ಸೆಂಟಿಮೀಟರ್ ಮೇಲಿದ್ದರೆ ಪ್ರಯೋಜನವಿಲ್ಲ, ಅಷ್ಟೇ ಕೆಳಗೆ ಇಳಿದರೆ ಕೂಸು ಕೆಮ್ಮಿ ವಾಂತಿ ಮಾಡುತ್ತದೆ. ಆದ್ದರಿಂದ ಹೊಳ್ಳೆಯ ಬಳಿ ಎಷ್ಟು ಅಂಕಿ ಕಾಣಬೇಕೆಂದು ಟ್ಯೂಬಿನ ಮೇಲಿನ ಗುರುತನ್ನು ನಮ್ಮ ಫೈಲಿನ ಮೊದಲ ಹಾಳೆಯಲ್ಲಿಯೇ ಬರೆದಿಟ್ಟರು.

ಇದಕ್ಕೂ ಬಗ್ಗದಿದ್ದರೆ ಮುಂದೇನು ಎಂದು ನನ್ನ ಗಂಡ ಕೇಳಿದಾಗ ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ನಾಲಿಗೆಯನ್ನು ಮುಂದಕ್ಕೆ ಎಳೆದು ಕೆಲವು ತಿಂಗಳ ಮಟ್ಟಿಗೆ ಕೆಳತುಟಿಗೆ ಹೊಲಿಯುವುದಿದೆ. ಕೆಳದವಡೆಯ ಮೂಳೆಯನ್ನು ಎರಡೂ ಕಡೆ ಕತ್ತರಿಸಿ ಸಾಧನ ಜೋಡಿಸಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಉದ್ದ ಮಾಡುವುದಿದೆ. ಕೊನೆಯದಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಟಕ್ಕೆ ದಾರಿ ಮಾಡುವುದಿದೆ. ನಮ್ಮ ಕೂಸಿಗೆ ಅವು ಯಾವುವೂ ಬೇಕಾಗಲಿಲ್ಲ. ಪಕ್ಕದ ಹಾಸಿಗೆಯ ಮಗುವಿಗೆ ದವಡೆಯ ಶಸ್ತ್ರಚಿಕಿತ್ಸೆ ಆಯಿತು, ಆ ತಾಯಿ ಸಾಧನದ ತಿರುಪನ್ನು ತಿರುಗಿಸುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು.

ಹಾಲಿನ ವಿಷಯ ಉಸಿರಿನಿಂದ ಬೇರೆಯಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಅಂಗುಳಿನಲ್ಲಿ ಸೀಳಿದ್ದರೆ ಬಾಯೊಳಗೆ ಗಾಳಿಯ ಬಿಗಿ ನಿಲ್ಲುವುದಿಲ್ಲ, ಮೊಲೆ ಚೀಪಿದರೂ ಹಾಲು ಎಳೆಯಲು ಆಗುವುದಿಲ್ಲ. ಉಸಿರಿಗೇ ಹೋರಾಡುವ ಕೂಸು ಆ ಹೋರಾಟದಲ್ಲಿಯೇ ಕುಡಿದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಹುಟ್ಟಿದ ಮಕ್ಕಳ ತೂಕ ಮೊದಲು ತುಸು ಇಳಿದು ಎರಡು ವಾರದೊಳಗೆ ಮರಳಬೇಕು, ನಮ್ಮದು 2.7ರಿಂದ 2.35ಕ್ಕೆ ಇಳಿದು ಅಲ್ಲಿಯೇ ನಿಂತಿತು. ನಳಿಗೆ ಹಾಕಿದ ಮೇಲೆ, ಕೊಡುತ್ತಿದ್ದ ಹಾಲಿನ ಅಳತೆ ಬದಲಾಗದಿದ್ದರೂ, ತೂಕ ಏರತೊಡಗಿತು. ದಿನಕ್ಕೆ 20 ಗ್ರಾಂ, 25 ಗ್ರಾಂ. ತಕ್ಕಡಿಯ ಆ ಅಂಕಿಯನ್ನು ನಾನು ಅಂಗೈ ಮೇಲೆ ಬರೆದುಕೊಂಡು ಬಂದು ಆಯಿಗೆ ತೋರಿಸುತ್ತಿದ್ದೆ.

ಮೊದಲು ಹಾಲನ್ನು ಹಿಂಡಿ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿನಲ್ಲಿ ಕೊಟ್ಟರು. ಮೂರನೆಯ ವಾರದಲ್ಲಿ ಬಾಯಿಗೆ ಕೊಡಲು ಕಲಿಸುವಾಗ ಸಿಸ್ಟರ್ ಒಂದು ಸಣ್ಣ ಸ್ಟೀಲಿನ ಪಾತ್ರೆ ತಂದರು, ಪಲಾಡೈ ಎಂದರು. ಆಯಿ ಅದನ್ನು ಕೈಗೆ ತೆಗೆದುಕೊಂಡು ನೋಡಿ, "ಇದು ನಮ್ಮ ಒಳಲೆ!" ಎಂದಳು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆಯ ಒಳಲೆ ಇದೆ, ಅದರ ಕೊಕ್ಕು ಸವೆದು ನುಣುಪಾಗಿದೆ. ಅದರಲ್ಲಿ ನಾನೂ ನನ್ನ ಅಣ್ಣನೂ ಬಜೆ ತೇಯ್ದದ್ದು ಕುಡಿದವರು. ಆದರೆ ಒಳಲೆ ಹಿಡಿಯುವ ಹಳೆಯ ರೀತಿ ಇಲ್ಲಿ ನಡೆಯುವುದಿಲ್ಲ. ಕೂಸನ್ನು ಕಾಲ ಮೇಲೆ ಅಂಗಾತ ಕೆಡವಿ ಗಂಟಲಿಗೆ ಸುರಿಯುವಂತಿಲ್ಲ. ಹೆಚ್ಚುಕಡಿಮೆ ಕೂರಿಸಿದಂತೆ ಎತ್ತಿ ಹಿಡಿದು, ಕೊಕ್ಕನ್ನು ಕೆನ್ನೆಯ ಒಳಬದಿಗೆ ಇಟ್ಟು, ಒಂದು ಗುಟುಕು ಬಿಟ್ಟು, ಕೂಸು ನುಂಗಿ ಎರಡು ಉಸಿರು ತೆಗೆದುಕೊಳ್ಳುವವರೆಗೆ ಕಾಯಬೇಕು. ಅವಸರ ಮಾಡಿದರೆ ಹಾಲು ಮೂಗಿನಲ್ಲಿ ಬರುತ್ತದೆ, ಶ್ವಾಸಕ್ಕೂ ಹೋಗುತ್ತದೆ. ಅರ್ಧ ಗಂಟೆ ಮೀರಿದರೆ ನಿಲ್ಲಿಸಿ ಉಳಿದದ್ದನ್ನು ಟ್ಯೂಬಿನಲ್ಲಿ ಕೊಡಬೇಕು, ಏಕೆಂದರೆ ಅದರ ಮೇಲೆ ಕುಡಿಯುವುದೇ ಕೂಸಿಗೆ ದಣಿವು. ಆಯಿ ಈ ಕೆಲಸವನ್ನು ನನಗಿಂತ ಬೇಗ ಕಲಿತಳು. ಅವಳ ಕೈಗೆ ಕಾಯುವುದು ಗೊತ್ತಿತ್ತು.

ಮನೆಗೆ ಕಳಿಸುವ ಮೊದಲು ನನಗೂ ಗಂಡನಿಗೂ ಪರೀಕ್ಷೆಯಂತೆಯೇ ಒಂದೊಂದನ್ನೂ ಮಾಡಿಸಿ ನೋಡಿದರು: ನಳಿಗೆಗೆ ಉಪ್ಪುನೀರಿನ ಎರಡು ಹನಿ ಬಿಟ್ಟು ಸಕ್ಷನ್ ಮಾಡುವುದು, ಅಂದರೆ ಕಫ ಎಳೆದು ತೆಗೆಯುವುದು, ನಳಿಗೆ ಕಟ್ಟಿಕೊಂಡರೆ ಹೊರಗೆ ತೆಗೆದು ಕೂಸನ್ನು ಕವುಚಿ ಹಿಡಿಯುವುದು, ಹೊಸದನ್ನು ಹಾಕುವುದು, ಉಸಿರು ಎಣಿಸುವುದು. ಮಲಗಿದ ಕೂಸಿನ ಉಸಿರು ಪೂರ್ತಿ ಒಂದು ನಿಮಿಷಕ್ಕೆ 60 ಮೀರಿದರೆ ಕಾಯದೆ ಬನ್ನಿ ಎಂದರು. ಇನ್ನೊಂದು ಮಾತನ್ನೂ ಅವರು ಎರಡೆರಡು ಬಾರಿ ಹೇಳಿದರು, ಅದನ್ನು ಇಲ್ಲಿ ಬಿಡುವಂತಿಲ್ಲ. ಕವುಚಿ ಮಲಗಿಸುವುದು ಈ ಮಕ್ಕಳಿಗೆ, ವೈದ್ಯರು ಹೇಳಿದಾಗ, ಪಾದಕ್ಕೆ ಆಕ್ಸಿಮೀಟರ್ ಕಟ್ಟಿ ಕಣ್ಣಿಟ್ಟು ಮಾಡುವ ಚಿಕಿತ್ಸೆ. ಆರೋಗ್ಯವಂತ ಮಗುವನ್ನು ಅಂಗಾತವಾಗಿಯೇ ಮಲಗಿಸಬೇಕು, ಕವುಚಿ ಮಲಗಿಸಿದ ಎಳೆಮಕ್ಕಳು ನಿದ್ದೆಯಲ್ಲಿಯೇ ಉಸಿರು ನಿಲ್ಲಿಸುವ ಅಪಾಯ ಹೆಚ್ಚು.

ಕರಾವಳಿಯ ಮಳೆಗಾಲದಲ್ಲಿ ಮನೆಯಲ್ಲಿ ಇಂಥ ಕೂಸನ್ನು ನೋಡಿಕೊಳ್ಳುವುದು ಎಂದರೆ ಕರೆಂಟಿನೊಡನೆ ಸೆಣಸುವುದು. ಸಕ್ಷನ್ ಮಷೀನ್ ಕರೆಂಟಿನದು. ನಮ್ಮ ಊರಿನಲ್ಲಿ ಗಾಳಿ ಬೀಸಿದರೆ ಕಂಬ ಬೀಳುತ್ತದೆ. ಇನ್ವರ್ಟರ್ ಇದ್ದರೂ ಸಾಲದೆಂದು ಕಾಲಿನಿಂದ ಒತ್ತುವ ಪಂಪನ್ನೂ ಕೊಂಡೆವು, ಅದು ಎರಡು ರಾತ್ರಿ ನಿಜವಾಗಿ ಕೂಸಿನ ಉಸಿರು ಕಾಯಿತು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಸೀಳುತುಟಿ ಮತ್ತು ಸೀಳು ಅಂಗುಳು ಅದರ ಪಟ್ಟಿಯಲ್ಲಿವೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವು ಪಡೆಯುವ ಆಸ್ಪತ್ರೆಗಳಲ್ಲಿ ಸೀಳಿನ ಶಸ್ತ್ರಚಿಕಿತ್ಸೆ ಉಚಿತ. ಇವು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಮೊದಲ ನಾಲ್ಕು ತಿಂಗಳು ಮನೆಯಲ್ಲಿ ಬೇಕಾಗುವ ಮಷೀನು, ಟ್ಯೂಬು, ಆಕ್ಸಿಮೀಟರುಗಳನ್ನು ನಾವು ಕೈಯಿಂದಲೇ ಕೊಂಡೆವು. ಕೊಳ್ಳಲಾಗದವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಹನ್ನೆರಡನೆಯ ದಿನದ ತೊಟ್ಟಿಲು ಕಾರ್ಯ ಮೂರನೆಯ ತಿಂಗಳಿಗೆ ಹೋಯಿತು. ಎಣ್ಣೆ ಹಚ್ಚಿ ಮೀಯಿಸಲು ಬಂದ ಅಜ್ಜಿ ಗಂಟಲಲ್ಲಿ ಬೆರಳು ಹಾಕಿ ಕಫ ತೆಗೆಯುತ್ತೇನೆ ಎಂದಾಗ ಆಯಿ ಅವರ ಕೈ ಹಿಡಿದು ಗೌರವದಿಂದಲೇ ತಡೆದಳು. ಮೂಗಿಗೆ ಎಣ್ಣೆ ಬಿಡಲೂ ಕೊಡಲಿಲ್ಲ.

ದವಡೆ ಬೆಳೆಯಿತು. ಪ್ರತಿ ತಿಂಗಳು ಒಂದೇ ಕಿಟಕಿಯ ಬಳಿ ಒಂದೇ ಪಕ್ಕದಿಂದ ತೆಗೆದ ಫೋಟೋಗಳನ್ನು ಸಾಲಾಗಿ ಇಟ್ಟರೆ ಗದ್ದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಬರುವುದು ಕಾಣುತ್ತದೆ. ನಾಲ್ಕನೆಯ ತಿಂಗಳು ಆಸ್ಪತ್ರೆಯಲ್ಲಿ ರಾತ್ರಿಯಿಡೀ ನಿದ್ದೆಯ ಉಸಿರಾಟವನ್ನು ದಾಖಲಿಸಿ ನೋಡಿ ನಳಿಗೆ ತೆಗೆದರು. ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನೂ ಮಾಡಿಸಿದರು. ಈ ಸರಣಿಯ ಜೊತೆಗೆ ಕೆಲವು ಮಕ್ಕಳಲ್ಲಿ ಸ್ಟಿಕ್ಲರ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇರುತ್ತದೆ, ಅದರಲ್ಲಿ ಚಿಕ್ಕಂದಿನಲ್ಲಿಯೇ ದೂರದ ವಸ್ತುಗಳು ಸರಿಯಾಗಿ ಕಾಣದಾಗುತ್ತವೆ. ನಮ್ಮವಳಿಗೆ ಅದಿಲ್ಲ, ಆದರೆ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುವ ಕಾಟ ಇತ್ತು, ಅದು ಅಂಗುಳಿನ ಸೀಳಿನ ಜೊತೆಗೇ ಬರುವಂಥದು. ಅಂಗುಳಿನ ಶಸ್ತ್ರಚಿಕಿತ್ಸೆ ಹದಿಮೂರನೆಯ ತಿಂಗಳಲ್ಲಿ ಆಯಿತು. ಸೀಳು ಮುಚ್ಚಿದರೆ ಇದ್ದ ಜಾಗವೂ ಕಿರಿದಾಗಿ ಕೆಲವು ದಿನ ಉಸಿರು ಮತ್ತೆ ಕಟ್ಟಬಹುದು ಎಂದು ಮೊದಲೇ ಹೇಳಿದ್ದರಿಂದ ಎರಡು ರಾತ್ರಿ ನಿಗಾ ಘಟಕದಲ್ಲಿಟ್ಟರು. ಒಮ್ಮೆ ಅಂಕಿ 88ಕ್ಕೆ ಇಳಿಯಿತು, ಮಗ್ಗುಲು ತಿರುಗಿಸಿದಾಗ ಏರಿತು. ಅದಕ್ಕೆ ಮೊದಲು ಅವಳ ಬಾಯಲ್ಲಿ "ಅಪ್ಪ" ಎನ್ನುವುದೂ ಗಾಳಿ ಮೂಗಿಗೆ ಹೋಗಿ "ಅಮ್ಮ" ಎಂದೇ ಕೇಳುತ್ತಿತ್ತು. ಈಗ ಮಾತಿನ ತರಬೇತಿ ನಡೆದಿದೆ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಪರಿಚಯದ ಆಶಾ ಕಾರ್ಯಕರ್ತೆಯ ಮೂಲಕ ಅಂಕೋಲೆಯ ಕಡೆಯ ಒಬ್ಬ ಬಾಣಂತಿ ಫೋನ್ ಮಾಡಿದಳು. ಮಗುವಿಗೆ ಒಂದು ದಿನ, ಅಂಗುಳಿನಲ್ಲಿ ಸೀಳು, ಆಪರೇಷನ್ನಿಗೆ ಎಷ್ಟು ಖರ್ಚಾಯಿತು ಅಕ್ಕ ಎಂದು ಕೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಮಗುವಿನ ಮುಖವನ್ನು ಪಕ್ಕದಿಂದ ಫೋಟೋ ತೆಗೆದು ಕಳಿಸು, ಬಟ್ಟೆ ಬಿಚ್ಚಿ ಎದೆ ಕಾಣುವಂತೆ ಒಂದು ನಿಮಿಷ ವಿಡಿಯೋ ಮಾಡು ಎಂದೆ. ಬಂದ ಫೋಟೋದಲ್ಲಿ ನನ್ನ ಮಗಳದೇ ಗದ್ದ ಇತ್ತು. ವಿಡಿಯೋದಲ್ಲಿ ಕುತ್ತಿಗೆಯ ಗುಳಿ ಒಳಕ್ಕೆ ಸೇದುತ್ತಿತ್ತು. ಈಗಲೇ ಸಿಸ್ಟರನ್ನು ಕರೆದು ಇದನ್ನು ತೋರಿಸು, ಆಕ್ಸಿಮೀಟರ್ ಕಟ್ಟಲು ಹೇಳು, ಅವರ ಎದುರೇ ಮಗುವನ್ನು ಕವುಚಿ ಹಿಡಿಯಲು ಹೇಳು ಎಂದು ಫೋನ್ ಇಡದೆ ಕಾದೆ. ಆಚೆ ಓಡಾಟದ ಸದ್ದು, ಯಾರದೋ ಮಾತು, ಮಳೆ. ಬಹಳ ಹೊತ್ತಿನ ಮೇಲೆ ಅವಳ ಧ್ವನಿ ಬಂತು: "ಅಕ್ಕ, ಗೊರಗೊರ ಕಡಿಮೆ ಆಯ್ತು. ಡಾಕ್ಟರು ಬಂದಿದ್ದಾರೆ, 108ಕ್ಕೆ ಹೇಳ್ತಿದ್ದಾರೆ."